ಭಾವ ಬಿಟ್ಟ ಮಾತ್ರೆ

ಕೃಷ್ಣಮೂರ್ತಿಪುರಂ, ಮೈಸೂರು
೨೧–೮–೨೦೨೪

ಪ್ರೀತಿಯ ತೇಜುಗೆ ನಿನ್ನ ಅಕ್ಕನ ಆಶೀರ್ವಾದ.

ಒಂದೇ ಊರಿನಲ್ಲಿದ್ದುಕೊಂಡು ಅಕ್ಕ ಇದೇನು ಕಾಗದ ಬರೆದಿದ್ದಾಳೆ ಎಂದು ನಗಬೇಡ. ನಿನ್ನ ಫೋನು ಎತ್ತಲಿಲ್ಲ, ತಿರುಗಿ ಮಾಡಲೂ ಇಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಚಿಕ್ಕಂದಿನಿಂದಲೂ ಹಾಗೇ ಅಲ್ಲವೇ?

ನಿಮ್ಮ ಭಾವ ಈಗ ಕೋಲು ಹಿಡಿದು ಬಚ್ಚಲಿಗೆ ತಾವೇ ಹೋಗುತ್ತಾರೆ. ಬಲಗೈ ಇನ್ನೂ ಏಳುವುದಿಲ್ಲ. ಮಾತಂತೂ ಬಂದೇ ಇಲ್ಲ. ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯಲ್ಲಿ ಕೂತು, ರಸ್ತೆಯ ಆ ಬದಿಯಲ್ಲಿ ಹೋಗುವವರನ್ನೂ ಕೂಗಿ ಕರೆಯುತ್ತಿದ್ದ ಮನುಷ್ಯ, ನೀರು ಬೇಕಾದರೆ ಲೋಟ ಕುಟ್ಟುತ್ತಾರೆ. ನಾನು ಹೋಗುವುದು ಸ್ವಲ್ಪ ತಡವಾದರೆ ಮುಖ ತಿರುಗಿಸಿಕೊಂಡು ಅಳುತ್ತಾರೆ.

ಹೋದ ವರ್ಷ ನೀನು ಮೊಬೈಲಿನಲ್ಲಿ ಆರೋಗ್ಯದ ವಿಡಿಯೋ ಹಾಕಲು ಶುರುಮಾಡಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅವರೇ. ಬಿ.ಪಿ. ಮಾತ್ರೆ ಕಿಡ್ನಿಯನ್ನು ಹಾಳುಮಾಡುತ್ತದೆ, ಕಂಪನಿಗಳು ಜನರನ್ನು ಹೆದರಿಸಿ ನುಂಗಿಸುತ್ತಿವೆ ಎಂದು ನೀನು ಹೇಳಿದ ದಿನವೇ ಇದ್ದಬದ್ದ ಮಾತ್ರೆಯನ್ನೆಲ್ಲ ಕಸದ ಬುಟ್ಟಿಗೆ ಹಾಕಿದರು. ಬೇಡವೆಂದು ಕೈ ಹಿಡಿದೆ.

"ತೇಜು ನಮ್ ಕೈಲಿ ಬೆಳೆದ ಕೂಸು ಕಣೇ. ನಂಗೆ ಕೆಟ್ಟದ್ದು ಹೇಳ್ಬುಡ್ತಾಳಾ?" ಅಂದರು.

ಡಾಕ್ಟರ್ ಶಿವಶಂಕರ್ ಹತ್ತಿರ ಎಳೆದುಕೊಂಡು ಹೋದೆ. "ಯಾವ ಔಷಧಾನೂ ಕೆಲವ್ರಿಗೆ ತೊಂದ್ರೆ ಕೊಡೋದುಂಟು. ರಕ್ತ ಪರೀಕ್ಷೆ ಮಾಡ್ಸೋಣ, ಬೇಕಾದ್ರೆ ಬೇರೆ ಬರ್ಕೊಡ್ತೀನಿ. ನೀವಾಗೇ ನಿಲ್ಲಿಸ್ಬೇಡಿ," ಎಂದರು. ಇವರು ಕೇಳಲಿಲ್ಲ.

ಆಮೇಲೆ ಬಡಾವಣೆಯ ಸಭೆಯಲ್ಲಿ ಅದೇ ಡಾಕ್ಟರ ಎದುರು ನೀನು ವಾದಕ್ಕೆ ನಿಂತೆ. ಭಾವನನ್ನು ಎಬ್ಬಿಸಿ ನಿಲ್ಲಿಸಿ, "ನೋಡಿ, ನಮ್ ಭಾವ! ಮಾತ್ರೆ ಬಿಟ್ಟು ಎಷ್ಟು ಗಟ್ಟಿಮುಟ್ಟಾಗಿದಾರೆ!" ಅಂದೆ. ಜನ ಚಪ್ಪಾಳೆ ತಟ್ಟಿದರು. "ಎಲ್ಲಾ ನಮ್ ತೇಜು ಪುಣ್ಯ," ಎಂದು ಇವರು ಮದುವೆ ಗಂಡಿನ ಹಾಗೆ ನಾಚಿಕೊಂಡು ನಕ್ಕರು.

ಯುಗಾದಿ ಕಳೆಯುತ್ತಿದ್ದಂತೆ ಅಂಗಡಿಯಲ್ಲೇ ಕುಸಿದರು.

ಆಸ್ಪತ್ರೆಯಲ್ಲಿ ನೀನು ನನ್ನ ಹೆಗಲು ಹಿಡಿದು, "ಹಣೆಬರಹ ಕಣಕ್ಕ. ಮಾತ್ರೆ ತಗೊಳ್ಳೋರ್ಗೂ ಸ್ಟ್ರೋಕ್ ಆಗುತ್ತೆ," ಎಂದೆ. ಇರಬಹುದು. ಡಾಕ್ಟರನ್ನು ಕೇಳಿದಾಗ ಅವರೂ, "ಬಿಟ್ಟಿದ್ದೇ ಕಾರಣ ಇರ್ಬೇಕಮ್ಮ. ಆದ್ರೆ ಖಂಡಿತ ಅಂತ ಹೆಂಗೆ ಹೇಳ್ಲಿ?" ಎಂದರು. ಹಾಗಾಗಿ ನಿನ್ನ ಮೇಲೆ ಹೊರಿಸಲು ಮನಸ್ಸು ಒಪ್ಪಲಿಲ್ಲ. ತೇಜುವೂ ನಂಬಿಯೇ ಹೇಳಿದ್ದಾಳೆ, ಮೋಸ ಹೋಗಿದ್ದರೆ ಎಲ್ಲರೂ ಒಟ್ಟಿಗೇ ಹೋಗಿದ್ದೇವೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆ ಸಭೆಯ ವಿಡಿಯೋ ಇನ್ನೂ ಓಡಾಡುತ್ತಿದೆ. ಹೋದ ವಾರ ಸೊಪ್ಪು ಮಾರುವ ಪುಟ್ಟಬಸಮ್ಮ, "ನಿಮ್ ಯಜಮಾನ್ರನ್ನ ಮೊಬೈಲಲ್ಲಿ ನೋಡಿ ನಾನೂವೆ ಮಾತ್ರೆ ಬುಟ್ಬುಟ್ಟೆ ಕಣವ್ವ," ಎಂದಳು. ಅವಳ ಕೈ ಹಿಡಿದು ಒಳಗೆ ಕರೆತಂದು ಇವರನ್ನು ತೋರಿಸಿದೆ. ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅದನ್ನು ಇವತ್ತೇ ತೆಗೆದುಹಾಕು ತೇಜು. ನಮಗೊಂದು ಪ್ರತಿ ಕಳಿಸಿ ಆಮೇಲೆ ತೆಗೆ. ಅವರ ದನಿ ಉಳಿದಿರುವುದು ಅದೊಂದರಲ್ಲೇ.

ನಿನ್ನ ಮಗಳು ಸಿಂಚನಳಿಗೆ ಒಳ್ಳೆಯದಾಗಲಿ. ನೀನೂ ಚೆನ್ನಾಗಿರು. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಚೆಲುವಮ್ಮ

ತಾ.ಕ.: ಮೊನ್ನೆ ಭಾನುವಾರ ಸಿಂಚನ ದೊಡ್ಡಪ್ಪನನ್ನು ನೋಡಲು ಬಂದಿದ್ದಳು. ಅವರಿಗೆ ಬಿ.ಪಿ. ಮಾತ್ರೆ ಕೊಡುತ್ತಿದ್ದೆ. ಅದನ್ನು ನೋಡಿ, "ಅಮ್ಮನೂ ಇದನ್ನೇ ತಗೊಳ್ಳೋದು ದೊಡ್ಡಮ್ಮ. ನಾನು ಹೈಸ್ಕೂಲಲ್ಲಿದ್ದಾಗಿಂದ ಒಂದಿನಾನೂ ತಪ್ಸಿಲ್ಲ," ಅಂದಳು. ಅವಳನ್ನು ಬೈಯಬೇಡ, ಮಗುವಿಗೇನು ಗೊತ್ತು. ಇವರು ಅಲ್ಲೇ ಇದ್ದರು, ಕೇಳಿಸಿಕೊಂಡರು. ನೀನು ಬಂದು ಅವರೆದುರು ಕೂರುವ ಮೊದಲು ಏನು ಹೇಳುತ್ತೀಯೆಂದು ಯೋಚಿಸಿಕೊಂಡು ಬಾ. ಅವರು ತಿರುಗಿ ಏನೂ ಕೇಳಲಾರರು.