ಪುಟ ತುಂಬಿಸಲು ಬರೆದ ನಿಯಮ

ಮಾರ್ಚ್ 3, ಬೆಳಿಗ್ಗೆ

ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನಮ್ಮ ಕಂಪನಿಗೆ ಇನ್ನೂ ಹಳೆಯ ಹೆಸರೇ ಇದೆ. ಇವತ್ತು ಗಮನಿಸಿದೆ. ಊರಿನ ಅಂಗಡಿಗಳಿಗೆಲ್ಲ ಹೊಸ ಹೆಸರು, ಹೊಸ ಬಣ್ಣ ಕೊಡುವವರು ನಾವು!

ಈ ವಾರದ ಕೆಲಸ — ಮನೆಗಳಿಗೆ ನರ್ಸ್ ಕಳಿಸುವ ಚಿಕ್ಕ ಸಂಸ್ಥೆ. ನಡೆಸುವ ಮೇಡಂ ತಾವೇ ನರ್ಸ್ ಆಗಿದ್ದವರು. ಸಿಸ್ಟರ್‌ಗಳ ನೀಲಿ ಕೋಟು ಒಗೆದೂ ಒಗೆದೂ ಬೂದಿ ಬಣ್ಣಕ್ಕೆ ತಿರುಗಿದೆ. ಬಾಸ್‌ಗೆ ಅದನ್ನು ಕಂಡರಾಗದು. "ಕಾಯಿಲೆ ಕಾಣಬಾರದಮ್ಮ, ಖುಷಿ ಕಾಣಬೇಕು. ಹಳದಿ!" ಟಿ-ಶರ್ಟಿನ ಬೆನ್ನಿಗೆ ದೊಡ್ಡ ನಗುಮುಖ, ಕೆಳಗೆ ಒಂದು ಸಾಲು. ಸಾಲು ನನ್ನದು. ಕಾವ್ಯ ಓದಿ ಎಂ.ಎ. ಮಾಡಿದ್ದರ ಫಲ — "ನಗುವೇ ನಮ್ಮ ಮದ್ದು".

ಮಾರ್ಚ್ 9

ಫೋಟೋ ಶೂಟ್. ರಾತ್ರಿ ಪಾಳಿಯ ಹಿರಿಯ ಸಿಸ್ಟರ್ — ಎಲ್ಲರಿಗೂ ಅವರು ದೊಡ್ಡಕ್ಕ — ಶರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದನ್ನ ಬರೆದೋರು ಯಾರು?"

ಬಾಸ್ ನನ್ನತ್ತ ಬೆರಳು ಮಾಡಿದರು. ನೆಲ ನೋಡಿದೆ.

"ನೀನಾ ಮಗಳೇ? ನನ್ನ ಪೇಶೆಂಟ್‌ಗಳು ಉಸಿರಾಡೋಕೇ ಒದ್ದಾಡ್ತಾರೆ. ನಗು ಎಲ್ಲಿಂದ ತರ್ಲಿ, ಸಾಲ ಕೊಡ್ತೀಯಾ?"

ಎಲ್ಲರೂ ಗೊಳ್ಳೆಂದರು. ಫೋಟೋಗ್ರಾಫರ್ ಅದನ್ನೇ ಹಿಡಿದ. ಬ್ರೋಷರಿನ ಮುಖಪುಟ ಅದೇ.

ಮಾರ್ಚ್ 12, ಸಂಜೆ

ನರ್ಸ್ ಸಂಸ್ಥೆಯ ಕೈಪಿಡಿ ಮುಗಿಯಿತು. ಲೋಗೋ ಎಲ್ಲಿರಬೇಕು, ಯಾವ ಹಳದಿ, ಫೋನ್ ಎತ್ತಿದಾಗ ಏನನ್ನಬೇಕು... ಕೊನೆಯ ಪುಟದ ಕೆಳಗೆ ಜಾಗ ಉಳಿದಿತ್ತು. "ಬೋಳು ಬೋಳಾಗಿದೆ. ಏನಾದ್ರೂ ಎರಡು ಸಾಲು ತುಂಬು," ಎಂದರು ಬಾಸ್. ತುಂಬಿದೆ — ಸಮವಸ್ತ್ರವನ್ನು ವಿನ್ಯಾಸದಲ್ಲಿರುವಂತೆಯೇ ಧರಿಸಬೇಕು. ತಪ್ಪಿದವರಿಗೆ ಡ್ಯೂಟಿ ಇರುವುದಿಲ್ಲ. ಅಳತೆಗೆ ಸರಿಯಾಗಿ ಕೂತಿತು. ಯಾರು ಓದುತ್ತಾರೆ? ತಲೆನೋವು. ಬೇಗ ಮನೆಗೆ.

ಮಾರ್ಚ್ 30

ಬರೆಯಲು ಆಗಿರಲಿಲ್ಲ. ಒಂದು ಬೇಕರಿ, ಒಂದು ಈಜು ಶಾಲೆ, ಮತ್ತೆ ಅದೇ ಬೇಕರಿ. ಅಮ್ಮ: "ಊರೋರಿಗೆಲ್ಲ ಮಾತು ಬರೆದುಕೊಡ್ತೀಯ. ಮನೇಲಿ ಮಾತ್ರ ಬಾಯಿಗೆ ಬೀಗ." ತಟ್ಟೆ ತೊಳೆದಿಟ್ಟು ಮಲಗಲು ಹೋದೆ.

ಏಪ್ರಿಲ್ 6

ನರ್ಸ್ ಸಂಸ್ಥೆಯ ಮೇಡಂ ಬಂದಿದ್ದರು. ಇನ್ನಷ್ಟು ಶರ್ಟ್ ಬೇಕಂತೆ. ಮಾತಿನ ನಡುವೆ ತಿಳಿಯಿತು — ದೊಡ್ಡಕ್ಕನನ್ನು ಕೆಲಸದಿಂದ ತೆಗೆದಿದ್ದಾರೆ.

ಒಂದು ಮನೆಯಲ್ಲಿ ಯಜಮಾನರ ಕೊನೆಯ ಗಳಿಗೆ. ಹೆಂಡತಿ ಮಂಚದ ಪಕ್ಕ ಕೂತು ಅಳುತ್ತಿದ್ದಾರೆ. ಅವರ ಕಣ್ಣೆದುರಿಗೆ ದೊಡ್ಡಕ್ಕನ ಬೆನ್ನು, ಬೆನ್ನ ಮೇಲೆ ಹಲ್ಲು ಕಿರಿಯುವ ಮುಖ. ದೊಡ್ಡಕ್ಕ ಬಚ್ಚಲಿಗೆ ಹೋಗಿ ಶರ್ಟನ್ನು ಒಳಗು ಹೊರಗು ಮಾಡಿ ಹಾಕಿಕೊಂಡು ಬಂದರಂತೆ. ಆಗಲೇ ಸೂಪರ್‌ವೈಸರ್ ಬಂದು ನೋಡಿದ.

"ಕೇಳಿದ್ರೆ, ಸಾವಿನ ಮನೇಲಿ ಇನ್ಮೇಲೂ ಹಾಗೇ ಹಾಕ್ತೀನಿ ಅಂತಾಳೆ," ಎಂದರು ಮೇಡಂ. "ನನಗೂ ಬೇಜಾರೇ. ಆದ್ರೆ ನಿಯಮ ಅಂತ ಪ್ರಿಂಟ್ ಮಾಡಿ ಕೊಟ್ಟೋರು ನೀವೇ ತಾನೇ? ಒಬ್ಬಳನ್ನ ಬಿಟ್ರೆ ಉಳಿದೋರೂ ಕೇಳಲ್ಲ."

"ಕರೆಕ್ಟ್ ಮೇಡಂ. ಬ್ರ್ಯಾಂಡ್ ಅಂದ್ರೆ ಶಿಸ್ತು," ಎಂದರು ಬಾಸ್.

ನಾನು ಅಲ್ಲೇ ಇದ್ದೆ. 'ಶರ್ಟ್ — ಅದೇ ಡಿಸೈನ್' ಎಂದು ಬರೆದುಕೊಂಡೆ.

ಏಪ್ರಿಲ್ 7

ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ದೊಡ್ಡಕ್ಕನಿಗೆ ಫೋನ್ ಮಾಡಿದೆ. ಯಾರೆಂದು ಹೇಳಿದೆ.

"ಓ, ನಗು ಬರೆದ ಹುಡುಗಿ! ಹೇಳು ಮಗಳೇ."

ಬೇರೆ ಕಡೆ ಕೆಲಸ ಸಿಕ್ಕಿತೇ ಎಂದೆ. ಈ ವಯಸ್ಸಿಗೆ ಯಾರು ತಗೋತಾರೆ ಎಂದರು. ನಿಯಮ ಬರೆದದ್ದೂ ನಾನೇ ಎಂದೆ. ಆ ಕಡೆ ಕುಕ್ಕರ್ ಕೂಗಿತು. ಒಲೆ ಆರಿಸಿ ಬಂದರು.

"ಯಾಕೆ ಬರ್ದೆ?"

"ಪುಟ ಖಾಲಿ ಇತ್ತು..."

ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ನನಗೆ ಹೇಳಿ ಏನ್ ಮಾಡ್ಲಿ? ನನ್ನ ಡ್ಯೂಟಿ ಹಾಕೋಳು ನಾನಲ್ವಲ್ಲ."

ಏಪ್ರಿಲ್ 8, ಬೆಳಿಗ್ಗೆ

ಮೇಡಂ ನಮಗಿಂತ ಮೊದಲೇ ತಮ್ಮ ಆಫೀಸ್ ತೆಗೆಯುತ್ತಾರೆ. ಮೊದಲು ಅಲ್ಲಿಗೆ. ತಡವಾಗುತ್ತದೆ ಎಂದು ಬಾಸ್‌ಗೆ ಮೆಸೇಜ್ ಹಾಕಿದೆ. ಕಾರಣ ಬರೆಯಲಿಲ್ಲ. ತಮ್ಮ ಬೆನ್ನ ಹಿಂದೆ ಕ್ಲೈಂಟ್ ಹತ್ತಿರ ಹೋದವರನ್ನು ಅವರು ಇಟ್ಟುಕೊಳ್ಳುವುದಿಲ್ಲ. ಗೊತ್ತು. ಅಮ್ಮನಿಗೆ ಆಮೇಲೆ ಹೇಳಿದರಾಯಿತು.

ಹೇಳುವ ಮಾತನ್ನು ಬರೆದು ಬರೆದು ಹೊಡೆದುಹಾಕಿದೆ. ಚೆಂದ ಮಾಡಲು ಹೋದಷ್ಟೂ ಸುಳ್ಳಾಗುತ್ತದೆ. "ಅದು ನಿಯಮ ಅಲ್ಲ ಮೇಡಂ, ಜಾಗ ತುಂಬಿಸಿದ್ದು. ದೊಡ್ಡಕ್ಕನ್ನ ವಾಪಸ್ ಕರೀರಿ." ಇಷ್ಟು ಸಾಕು. ಕೇಳದಿದ್ದರೆ ಎದ್ದು ಬರುವುದಿಲ್ಲ. ಅಲ್ಲೇ ಕೂತಿರುತ್ತೇನೆ, ಅವರು ದೊಡ್ಡಕ್ಕನಿಗೆ ಫೋನ್ ಮಾಡುವವರೆಗೆ.