ಎಡಭುಜದ ಅಳತೆ

ನವೆಂಬರ್ ೧೧, ಮಂಗಳವಾರ

ಪ್ರೀತಿಯ ಅಕ್ಕ,

ಆರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಗಾಬರಿಯಾಗಬೇಡ, ಎಲ್ಲರೂ ಇದ್ದೇವೆ. ಇಷ್ಟು ತಡ ಮಾಡಿ ಕ್ಷಮಿಸು ಎನ್ನಲು ಮುಖವಿಲ್ಲ, ಆದರೂ ಕ್ಷಮಿಸು. ಭಾವನ ಮಂಡಿನೋವು ಹೇಗಿದೆ?

ನೀನು ಗುಂಡಮ್ಮ ಎನ್ನುತ್ತಿದ್ದ ನನ್ನ ಮಗಳಿಗೆ ಈಗ ಒಂಬತ್ತು, ಕಡ್ಡಿಯಂತಾಗಿದ್ದಾಳೆ. ಹೋದ ತಿಂಗಳು ಶಾಲೆಯ ಆಟದ ಟೀಚರ್ ನಮ್ಮನ್ನು ಕರೆಸಿ, "ಇವಳ ಎಡಗೈ ಭುಜದ ಮಟ್ಟಕ್ಕೇ ನಿಂತುಬಿಡುತ್ತೆ, ಮೇಲಕ್ಕೆ ಹೋಗೋದೇ ಇಲ್ಲ" ಎಂದರು.

ಮೂಳೆ ಡಾಕ್ಟರ ಹತ್ತಿರ ಓಡಿದೆವು. ಮಗು ಹೊಟ್ಟೆಯಲ್ಲಿರುವಾಗಲೇ ಹೆಗಲಮೂಳೆ ಕತ್ತಿನ ಹತ್ತಿರದಿಂದ ಕೆಳಗಿಳಿಯಬೇಕಂತೆ. ಇವಳದು ಅರ್ಧ ದಾರಿಯಲ್ಲೇ ನಿಂತಿದೆ. ಬೇಡದ ಮೂಳೆಯೊಂದು ಬೆಳೆದು ಅದನ್ನು ಬೆನ್ನುಮೂಳೆಗೆ ಕಟ್ಟಿಹಾಕಿದೆ. ಆ ಬೇಡದ ಮೂಳೆಯನ್ನು ಕತ್ತರಿಸಿ, ಹೆಗಲಮೂಳೆಯನ್ನು ಕೆಳಗೆಳೆದು ಕೂರಿಸುತ್ತಾರೆ. ಎಳೆಯುವಾಗ ನರಕ್ಕೆ ಪೆಟ್ಟಾದರೆ ಕೈಯ ಬಲವೇ ಹೋಗಬಹುದು. "ಎಂಟು ವರ್ಷದೊಳಗೆ ತಂದಿದ್ರೆ ಇಷ್ಟು ಭಯ ಇರ್ತಿರಲಿಲ್ಲ. ಮನೇಲಿ ಯಾರೂ ನೋಡಲಿಲ್ವಾ?" ಎಂದರು ಡಾಕ್ಟರು. "ನಮಗೆ ಕಾಣಿಸಲೇ ಇಲ್ಲ ಸಾರ್" ಎಂದರು ಇವರು. ನಾನು ಗೋಡೆಯ ಗಡಿಯಾರ ನೋಡುತ್ತಾ ಕುಳಿತಿದ್ದೆ.

ಮುಂದಿನ ಸೋಮವಾರ ಆಪರೇಷನ್. ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಸೂಜಿಗೆ ದಾರ ಪೋಣಿಸುವ ಈ ಕೈ, ಒಪ್ಪಿಗೆ ಕಾಗದದಲ್ಲಿ ನನ್ನ ಹೆಸರನ್ನೇ ತಪ್ಪಾಗಿ ಬರೆಯಿತು. ನನಗೆ ಭಯವಾಗುತ್ತಿದೆ ಅಕ್ಕ.

ಆರು ವರ್ಷದ ಹಿಂದೆ ಅವತ್ತು ಮಗುವಿಗೆ ಸ್ನಾನ ಮಾಡಿಸುತ್ತಾ, "ಇದೇನೇ, ಒಂದು ಭುಜ ಮೇಲಿದೆ? ಯಾರಿಗಾದ್ರೂ ತೋರಿಸೇ" ಎಂದೆ ನೀನು. "ನಿನ್ನ ಕಣ್ಣಿಗೆ ಬರೀ ಕೊರತೆಯೇ ಕಾಣೋದು" ಎಂದು ಹಾರಿಬಿದ್ದೆ ನಾನು. ಒದ್ದೆ ಕೈಯಲ್ಲೇ ಚೀಲ ಎತ್ತಿಕೊಂಡು ಹೋದವಳು ನೀನು ಮತ್ತೆ ಬರಲಿಲ್ಲ. ಈಗ ಬಾ. ಬೈಯುವುದಿದ್ದರೆ ಬಂದೇ ಬೈಯಿ.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ಚೆನ್ನಾಗಿರಲಿ. ನನ್ನವಳನ್ನೂ ಒಮ್ಮೆ ಮನಸಾರೆ ಹರಸು.

ನಿನ್ನ ಮೊಂಡು ತಂಗಿ

ತಾ.ಕ.: ಇವರು ಡಾಕ್ಟರಿಗೆ ಸುಳ್ಳು ಹೇಳಲಿಲ್ಲ ಅಕ್ಕ. ಕಾಣದ ಹಾಗೆ ನಾನೇ ಹೊಲಿದಿದ್ದೆ. ನೀನು ಹೋದ ಮರುದಿನವೇ ಟೇಪು ಹಿಡಿದು ನೋಡಿದೆ, ಒಂದು ಇಂಚು ವ್ಯತ್ಯಾಸ. ಅಂದಿನಿಂದ ಅವಳ ಪ್ರತಿ ಅಂಗಿಯ ಬಲಭುಜದೊಳಗೆ ಹತ್ತಿ ಇಟ್ಟು ಎರಡನ್ನೂ ಸಮ ಮಾಡಿದ್ದೇನೆ. ಸ್ನಾನಕ್ಕೂ ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಇವತ್ತು ಆಸ್ಪತ್ರೆಗೆಂದು ಮುಂದೆ ಗುಂಡಿಯಿರುವ ಅಂಗಿ ಹೊಲಿಯುವಾಗಲೂ ಅಭ್ಯಾಸಬಲದಿಂದ ಕೈ ಹತ್ತಿಗೆ ಹೋಯಿತು. ಅವಳು ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದು, "ಇನ್ನು ಅದು ಬೇಡ ಅಲ್ವಾ ಅಮ್ಮಾ? ನಾನು ಅಪ್ಪಂಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ" ಎಂದಳು.