ಪ್ಲಗ್ಗಿಗೆ ಹಚ್ಚಿದ ವಿಭೂತಿ

ಧಾರವಾಡ,
ಆಗಸ್ಟ್ ೨೮, ಗುರುವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಶಾಂಭವಿಯ ಶರಣಾರ್ಥಿಗಳು.

ಮೊಣಕಾಲು ಹೇಗಿದೆ? ಉಪ್ಪಿನಬೆಟಗೇರಿಯ ಮನೆಯ ಹೊಸ್ತಿಲು ಎತ್ತರ, ದಾಟುವಾಗ ಬಾಗಿಲು ಹಿಡಿದುಕೊಳ್ಳಿ. ಬಿಪಿ ಗುಳಿಗೆ ಮುಗಿಯುತ್ತ ಬಂದಿರಬೇಕು, ಈ ಕಾಗದದ ಜೊತೆಗೇ ಕಳಿಸಿದ್ದೇನೆ. ದಿನಾ ಒಂದೊಂದೇ ನುಂಗಬೇಕು, ಮರೆತ ದಿನದ್ದನ್ನೂ ಸೇರಿಸಿ ಎರಡು ನುಂಗುವುದಲ್ಲ. ನಾನು ಫೋನ್ ಮಾಡಿದಾಗಲೆಲ್ಲ ನಿಮ್ಮ ತಮ್ಮ ಮಹಾಂತಯ್ಯ ಮಾವ, “ಅಕ್ಕ ಪೂಜಿಗೆ ಕುಂತಾಳ ನೋಡವಾ” ಎಂದು ಇಟ್ಟುಬಿಡುತ್ತಾರೆ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಪೂಜೆ, ಸಂಜೆಯೂ ಪೂಜೆ. ಇಷ್ಟು ಹೊತ್ತು ಎದುರಿಗೆ ಕೂತರೆ ಶಿವನಿಗಾದರೂ ಕಾಲು ಜೋಮು ಹಿಡಿಯುವುದಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮಗ ಹೆಸರುಕಾಳು ಖರೀದಿಗೆಂದು ನಿಮ್ಮ ಊರಿನ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ನಿನ್ನೆ ಮನೆಗೆ ಗಣಪ್ಪ ಬಂದ. ಕಡುಬು ನಾನೇ ಮಾಡಿದೆ. ಅರ್ಧ ಎಣ್ಣೆಯಲ್ಲಿ ಬಾಯಿ ಬಿಟ್ಟವು. ನಿಮ್ಮ ಮಗ ಛಲೋ ಆಗಿವೆ ಎಂದು ಸುಳ್ಳು ಹೇಳುತ್ತಲೇ ಬಾಯಿ ಬಿಡದಿದ್ದ ಕಡುಬುಗಳನ್ನಷ್ಟೇ ಆರಿಸಿ ತಿಂದರು. ನಮ್ಮ ರೊಟ್ಟಿಯ ಕೆಲಸ ನಿಂತಿಲ್ಲ. ಬಡಿಯುವ ಹೆಂಗಸರು ದಿನಾ ಬರುತ್ತಾರೆ, ನಾನು ದಿನಾ ಹುಬ್ಬಳ್ಳಿಯ ಹಾಸ್ಟೆಲ್ಲುಗಳಿಗೆ ಒಯ್ಯುತ್ತೇನೆ. ರೊಟ್ಟಿ ಬೆಂಕಿಯ ಮೇಲೆ ಎಷ್ಟು ಹೊತ್ತು ಇರಬೇಕು ಎಂಬುದರ ಬಗ್ಗೆ ಮಾತ್ರ ಈಗ ಮನೆಯಲ್ಲಿ ದಿನವೂ ಜಗಳ, ಏಕೆಂದರೆ ತೀರ್ಪು ಹೇಳುವವರು ಇಲ್ಲ. ಕಾರಿನಲ್ಲಿ ನೀವು ಕೂರುತ್ತಿದ್ದ ಮುಂದಿನ ಸೀಟಿನಲ್ಲಿ ಈಗ ರೊಟ್ಟಿಯ ಗಂಟು ಕೂರುತ್ತದೆ. ಗಂಟಿನ ಭಾರಕ್ಕೆ ಯಾರೋ ಮನುಷ್ಯರು ಕೂತಿದ್ದಾರೆಂದು ತಿಳಿದು ಕಾರು ಟಿಣ್ ಟಿಣ್ ಎನ್ನುತ್ತದೆ, ಹಾಗಾಗಿ ಗಂಟಿಗೂ ಬೆಲ್ಟು ಹಾಕುತ್ತೇನೆ. ಅದು ನಿಮ್ಮ ಹಾಗೆ “ಹೊಟ್ಟಿ ಒತ್ತತೈತಿ” ಎಂದು ತಕರಾರು ಮಾಡುವುದಿಲ್ಲ. ಮಾತನ್ನೂ ಆಡುವುದಿಲ್ಲ.

ನಮ್ಮಿಬ್ಬರ ಆ ಮುಂಜಾವುಗಳು ನನಗೆ ನಡೆದದ್ದೋ ಕನಸೋ ಎಂದು ಈಗೀಗ ಅನುಮಾನವಾಗುತ್ತದೆ. ಕೆಲಗೇರಿ ಕೆರೆಯ ಮೇಲೆ ಮಂಜು ಇನ್ನೂ ಮಲಗಿರುತ್ತಿತ್ತು. ನಾವು ಸದ್ದಿಲ್ಲದೆ ಹೊರಡುತ್ತಿದ್ದೆವು. ಮೊದಲ ದಿನ ನೀವು ಕಣ್ಣು ಮುಚ್ಚಿಕೊಂಡು, “ಶಾಂಭವೀ, ಇದು ನಡ್ಯಾಕತ್ತೈತೋ ನಿಂತೈತೋ?” ಎಂದು ಕೇಳಿದಿರಿ. ಹಳೆಯ ಡೀಸೆಲ್ ಗಾಡಿಯ ಗದ್ದಲದಲ್ಲಿ ನಮಗೆ ಎಂದೂ ಕೇಳಿಸದಿದ್ದ ಊರು ಈ ಕರೆಂಟಿನ ಕಾರಿನಲ್ಲಿ ಕೇಳಿಸತೊಡಗಿತು. ಎಲ್ಲೋ ಗಿಡದ ಮೇಲೊಂದು ನವಿಲು, ಯಾರದೋ ಅಂಗಳದ ಕಸಬರಿಗೆ, ನಿಮ್ಮ ಮಡಿಲಲ್ಲಿ ಖಡಕ್ ರೊಟ್ಟಿಗಳು ಒಂದಕ್ಕೊಂದು ತಾಗುವ ಕುರುಕುರು. ನವಲೂರು ದಾಟುವಷ್ಟರಲ್ಲಿ ನಿಮಗೆ ಜೋಂಪು ಹತ್ತುತ್ತಿತ್ತು. ಆ ಜೋಂಪಿನಲ್ಲೇ ಒಮ್ಮೊಮ್ಮೆ, ತೀರಿಹೋದ ಮಾವನವರನ್ನು ನೆನೆದು, “ಅವರು ಎಲ್ಲಿ ಇಳದ್ರು?” ಎಂದು ಕೇಳುತ್ತಿದ್ದಿರಿ. “ಹಿಂದಿನ ಸೀಟಿನ್ಯಾಗ ಅದಾರ್ರಿ, ಮಲಕೋರಿ” ಎನ್ನುತ್ತಿದ್ದೆ ನಾನು. ನೀವು ಸಮಾಧಾನದಿಂದ ಮತ್ತೆ ನಿದ್ದೆಗೆ ಜಾರುತ್ತಿದ್ದಿರಿ. ನಾನು ಕನ್ನಡಿಯಲ್ಲಿ ಹಿಂದಿನ ಸೀಟನ್ನು ಒಮ್ಮೆ ನೋಡಿಕೊಳ್ಳುತ್ತಿದ್ದೆ. ಇದನ್ನು ನಿಮಗೆ ಇದುವರೆಗೂ ಹೇಳಿರಲಿಲ್ಲ.

ಮಾವನವರು ಹೋದ ಮೇಲೆ ಹೊಸದಕ್ಕೆ ಮೊದಲ ಕೈ ಹಚ್ಚುವುದನ್ನು ನೀವು ಬಿಟ್ಟಿದ್ದಿರಿ. ಹೊಸ ಒಲೆ ಬಂದಾಗ ಹಾಲು ಉಕ್ಕಿಸಲು ಪಕ್ಕದ ಮನೆಯವರನ್ನು ಕರೆದಿರಿ. ನನ್ನ ಹೊಸ ಸೀರೆಯ ಮಡಿಕೆಯನ್ನು ಕೂಡ ನಾನು ಬಿಚ್ಚಿದ ಮೇಲೆಯೇ ಮುಟ್ಟಿದಿರಿ. ನಾವ್ಯಾರೂ ಹೇಳಿದ್ದಲ್ಲ, ನೀವೇ ಹಾಕಿಕೊಂಡ ಬೇಲಿ. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಕಾರು ಮನೆಗೆ ಬಂದ ದಿನ ಆರತಿ ತಟ್ಟೆಯನ್ನು ನಿಮ್ಮ ಕೈಯಲ್ಲಿ ತುರುಕಿ, “ನಿಮ್ಮ ಕೈಲೆನ ಆಗ್ಲಿ, ಇಲ್ಲಾಂದ್ರ ಇದು ಇಲ್ಲೇ ನಿಂತಿರ್ಲಿ” ಎಂದು ಹಟ ಹಿಡಿದೆ. ನೀವು ತಟ್ಟೆಯನ್ನು ಎರಡು ಸಲ ನನಗೇ ತಿರುಗಿ ಚಾಚಿದಿರಿ. ಆದರೂ ಬಾನೆಟ್ಟಿನ ಮೇಲೆ ಮೂರು ಬೆರಳು ವಿಭೂತಿ ಎಳೆದಿರಿ. ಅಂದಿನಿಂದ ಪ್ರತಿ ಸೋಮವಾರ ಕಾರಿನ ಹಣೆಗೆ ವಿಭೂತಿ ತಪ್ಪಲಿಲ್ಲ, ತಟ್ಟೆಯನ್ನು ನನಗೆ ತಿರುಗಿ ಚಾಚುವುದೂ ಮೆಲ್ಲಗೆ ನಿಂತಿತು.

ಶ್ರಾವಣದ ಕಡೆಯ ಸೋಮವಾರ ಆದದ್ದನ್ನು ನಾವಿಬ್ಬರೂ ಎದುರು ಬದರು ಕೂತು ಮಾತಾಡಲಿಲ್ಲ. ಈಗ ಬರೆದುಬಿಡುತ್ತೇನೆ. ಕಾರು ಉಣ್ಣುವುದು ಕರೆಂಟು, ಅಂದ ಮೇಲೆ ಅದು ಉಣ್ಣುವ ಜಾಗವನ್ನೇ ಕಾಯಬೇಕು ಎಂದು ಅಂದು ನಿಮಗೆ ಅನ್ನಿಸಿತು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಚಾರ್ಜರಿನ ಪ್ಲಗ್ಗಿಗೆ, ಅದರ ಮೂರು ಪಿನ್ನುಗಳಿಗೆ ಒಂದೊಂದು ಬೆರಳಿನಂತೆ ಬಳಿದಿರಿ. ಮೂರು ಪಿನ್ನು, ಮೂರು ಬೆರಳು, ಸರಿಯಾಗಿ ಹೊಂದಿತೆಂದು ನಿಮಗೆ ಖುಷಿಯೂ ಆಗಿರಬೇಕು. ಸಂಜೆ ನಾನು ನೋಡದೆ ಅದನ್ನೇ ಗೋಡೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅಂಗಳಕ್ಕೆ ಓಡಿ ನೋಡಿದರೆ ಗೋಡೆಯ ಪಾಯಿಂಟಿನಿಂದ ಹೊಗೆ. ಅಷ್ಟರಲ್ಲಿ ನೀವು ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದಿದ್ದಿರಿ. “ನೀರ ಹಾಕಬ್ಯಾಡ್ರಿ! ಹಿಂದಕ್ಕ ಸರೀರಿ!” ಎಂದು ನಾನು ಕೂಗಿದ್ದು ಓಣಿಯ ಆ ತುದಿಗೂ ಕೇಳಿಸಿತಂತೆ. ನಿಮ್ಮ ರಟ್ಟೆ ಹಿಡಿದು ಎಳೆದೆ. ಕೊಡ ಬಿತ್ತು, ನೀರೆಲ್ಲ ನಿಮ್ಮ ಸೀರೆಯ ಮೇಲೆ. ನಾನು ಓಡಿ ಮೀಟರಿನ ಪಕ್ಕದ ಮೇನ್ ಸ್ವಿಚ್ಚು ಇಳಿಸಿದೆ. ಹೊಗೆ ತಾನಾಗಿಯೇ ನಿಂತಿತು. ಓಣಿಯವರೆಲ್ಲ ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು, ನೀವು ಒದ್ದೆ ಸೀರೆಯಲ್ಲಿ ನಿಂತಿದ್ದಿರಿ. ಮರುದಿನ ಗಂಟು ಕಟ್ಟಿಕೊಂಡು ತಮ್ಮನ ಮನೆಗೆ ಹೊರಟಾಗ ಬಾಗಿಲಲ್ಲಿ ಒಂದೇ ಮಾತು ಹೇಳಿದಿರಿ. “ನನ್ನ ಕೈ ಛಲೋ ಇಲ್ಲವಾ. ಹೊಸಾದಕ್ಕ ಹಚ್ಚಬಾರದಿತ್ತು.”

ಅತ್ತೆ, ಕೂಗಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಇನ್ನೊಮ್ಮೆ ನೀವು ಉರಿಯುವ ಪ್ಲಗ್ಗಿನ ಕಡೆ ಕೊಡ ಹಿಡಿದು ಬಂದರೆ ಇನ್ನೂ ಜೋರಾಗಿ ಕೂಗುತ್ತೇನೆ, ಹುಬ್ಬಳ್ಳಿಯವರಿಗೂ ಕೇಳಿಸಲಿ. ಗೋಡೆಯಲ್ಲಿ ಕರೆಂಟು ಇರುವಾಗ ನೀರು ಎರಚಿದರೆ ಅದು ನೀರಿನ ಗುಂಟ ನಿಮ್ಮ ಕೈಗೇ ಬರುತ್ತಿತ್ತು. ಆ ಒಂದು ಗಳಿಗೆಯಲ್ಲಿ ನನಗೆ ಕಾರೂ ಕಾಣಲಿಲ್ಲ, ಗೋಡೆಯೂ ಕಾಣಲಿಲ್ಲ, ನೀವು ಬರಿಗಾಲಲ್ಲಿ ಬರುತ್ತಿದ್ದುದು ಮಾತ್ರ ಕಂಡಿತು. ಇಂಥ ಹೊತ್ತಿನಲ್ಲಿ ಮೊದಲು ಮೇನ್ ಇಳಿಸಬೇಕು, ಪ್ಲಗ್ಗನ್ನಾಗಲಿ ವೈರನ್ನಾಗಲಿ ಮುಟ್ಟಬಾರದು. ಹೊಗೆ ಕಾರಿನ ಹೊಟ್ಟೆಯ ಕೆಳಗಿನಿಂದ ಬಂದರೆ ಅದು ದೊಡ್ಡ ಬ್ಯಾಟರಿಯ ಮಾತು. ಆಗ ನಾವು ಶೂರತನ ತೋರಿಸುವಂತಿಲ್ಲ. ಎಲ್ಲರನ್ನೂ ದೂರ ಕರೆದುಕೊಂಡು ಹೋಗಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ, ಇದು ಕರೆಂಟಿನ ಕಾರು ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಇದನ್ನೆಲ್ಲ ನಿಮಗೆ ಮೊದಲೇ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು, ಆದರೆ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುವವರಿಗೆ ಯಾವಾಗ ಹೇಳಲಿ?

ಸರ್ವಿಸ್ ಸೆಂಟರಿನಿಂದ ಗುಲ್ನಾಜ ಎಂಬ ಹುಡುಗಿ ಬಂದು ನೋಡಿದಳು. ಮೊಣಕೈವರೆಗೆ ದಪ್ಪ ರಬ್ಬರಿನ ಗ್ಲೌಸು, ಬಾಯಿ ತುಂಬ ನಗು. ಪ್ಲಗ್ಗಿನ ಪಿನ್ನಿಗೂ ಗೋಡೆಯ ಪಾಯಿಂಟಿಗೂ ನಡುವೆ ವಿಭೂತಿ ಕೂತು ಎರಡೂ ಸರಿಯಾಗಿ ಕೂಡಿಲ್ಲ, ಅದಕ್ಕೇ ಕಾದು ಕರಗಿದೆ, ಕಾರಿಗೆ ಏನೂ ಆಗಿಲ್ಲ ಎಂದಳು. ನಾನು ನಿಮ್ಮ ವಿಷಯ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮಾಸಿ ಮರುದಿನ ನಮಗ ಇದ ಕೆಲಸ ನೋಡ್ರಿ ಅಕ್ಕಾರ. ಒಬ್ರು ನಿಂಬಿಹಣ್ಣ ಹಿಂಡಿರ್ತಾರ, ಒಬ್ರು ಕುಂಕುಮ ತುಂಬಿರ್ತಾರ. ನಮ್ಮವ್ವನೂ ನನ್ನ ಸ್ಕೂಟಿ ಚಾರ್ಜರಿಗೆ ತಾಯಿತಾ ಕಟ್ಯಾಳ್ರಿ. ಮ್ಯಾಲ ಏನರ ಹಚ್ರಿ, ಕರೆಂಟ್ ಹಾಯೂ ಜಾಗಾದಾಗ ಬ್ಯಾಡ್ರಿ.” ಹಳೆಯ ಪಾಯಿಂಟು ಮಿಕ್ಸರಿಗೆ ಸಾಕು, ಕಾರಿಗೆ ಸಾಲದು, ಬೋರ್ಡಿನಿಂದ ಬೇರೆಯೇ ಲೈನು ಬೇಕು ಎಂದೂ ಹೇಳಿದಳು. ಟೈರಿನ ಗಾಳಿ ಆಗಾಗ ನೋಡಿಸಬೇಕಂತೆ, ಈ ಕಾರು ಭಾರ, ಟೈರುಗಳು ಬೇಗ ಸವೆಯುತ್ತವೆ. ತೊಳೆಯುವಾಗ ಚಾರ್ಜಿನ ಬಾಯಿಗೆ ಪೈಪಿನ ನೀರು ಜೋರಾಗಿ ಹೊಡೆಯಬಾರದು, ಒಣ ಅರಿವೆಯಿಂದ ಒರೆಸಿದರೆ ಸಾಕು. ಕಿತ್ತಳೆ ಬಣ್ಣದ ವೈರು ಎಲ್ಲಿ ಕಂಡರೂ ಕೈ ಮುಗಿದು ದೂರ ನಿಲ್ಲಬೇಕು. ಕೈ ಮುಗಿಯುವ ಮಾತು ಬಂದದ್ದರಿಂದ ಇದು ನಿಮಗೆ ಹಿಡಿಸುತ್ತದೆಂದು ಬರೆದೆ.

ನೀವು ಹೋದ ಮೇಲೆ ಒಂದು ದಿನ ಹೆಬ್ಬಳ್ಳಿಗೆ ಜೋಳ ತರಲು ಹೋಗಿದ್ದೆ. ಮಳೆ ಜಿಟಿಜಿಟಿ ಸುರಿಯುತ್ತಿತ್ತು. ಜೋಳ ಹಾಕಿಕೊಂಡು ಹೊರಟವಳು, ಹೊಲದ ಪಕ್ಕ ನಿಲ್ಲಿಸಿ ಮಳೆ ನೋಡುತ್ತ ಕೂತೆ. ಹೊರಡಲು ನೋಡಿದರೆ ಕಾರು ಏಳಲೊಲ್ಲದು, ದೀಪವಿಲ್ಲ, ಪರದೆ ಕಪ್ಪು. ಆಗಷ್ಟೇ ಚಾರ್ಜು ತುಂಬಿಸಿಕೊಂಡು ಬಂದಿದ್ದೆ! ಆಮೇಲೆ ತಿಳಿಯಿತು, ದೊಡ್ಡ ಬ್ಯಾಟರಿಯನ್ನು ಎಬ್ಬಿಸಲು ಒಂದು ಸಣ್ಣ ಬ್ಯಾಟರಿ ಇರುತ್ತದೆ, ಹಳೆಯ ಗಾಡಿಗಳಲ್ಲಿ ಇದ್ದಂಥದ್ದೇ. ಅದು ಸೋತರೆ ದೊಡ್ಡದು ತುಂಬಿದ್ದರೂ ಮಲಗಿಯೇ ಇರುತ್ತದೆ. ನೀಲಪ್ಪ ಎಂಬ ರೈತರು ಟ್ರ್ಯಾಕ್ಟರ್ ನಿಲ್ಲಿಸಿ, “ಹಗ್ಗಾ ಹಾಕಿ ಎಳದ ಬಿಡ್ತೇನ ತಗೋರಿ ತಂಗೀ” ಎಂದರು. ಗಾಲಿ ನೆಲದ ಮೇಲೆ ಉರುಳುವ ಹಾಗೆ ಇದನ್ನು ಎಳೆಯಬಾರದು, ಉರುಳಿದರೆ ಒಳಗಿನ ಮೋಟಾರು ಕೆಡುತ್ತದೆ, ಒಯ್ಯುವುದಾದರೆ ಇಡೀ ಕಾರನ್ನು ಲಾರಿಯ ಮೇಲೆ ಹೇರಬೇಕು ಎಂದೆ. “ಅಂದ್ರ ಎಳದ್ರ ಸಿಟ್ಟಿಗೇಳತೈತಿ ಅನ್ರಿ, ನಮ್ಮ ಎತ್ತಿನಂಗ” ಎಂದು, ಮಳೆಗೆ ಹಾಕಿಕೊಂಡಿದ್ದ ತಮ್ಮ ಕೊಪ್ಪೆಯನ್ನು ನನಗೆ ಕೊಟ್ಟು ಹೋದರು. ಕೆಂಪು ತ್ರಿಕೋನವನ್ನು ಕಾರಿನ ಹಿಂದೆ ದೂರದಲ್ಲಿ ಇಟ್ಟು, ಗುಲ್ನಾಜಳಿಗೆ ಫೋನ್ ಮಾಡಿ, ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ಕೊಪ್ಪೆಯೊಳಗೆ ಕೂತೆ.

ಅವಳು ಬರುವವರೆಗೆ ನನಗೂ ಜೋಂಪು ಹತ್ತಿತು. ಮಳೆಯ ಸದ್ದಿನೊಳಗೆ ಕಾರು ತಾನೇ ಹೊರಟ ಹಾಗೆ, ನೀವು ಮುಂದಿನ ಸೀಟಿನಲ್ಲಿ ಕೂತ ಹಾಗೆ, ಹೆಸರುಕಾಳಿನ ಹೊಲಗಳು ಎರಡೂ ಕಡೆ ಹಸಿರಾಗಿ ಜಾರುತ್ತ ಹೋದ ಹಾಗೆ. ನಾನೇ ನಿಮ್ಮನ್ನು “ಅತ್ತೀ, ಇದು ನಡ್ಯಾಕತ್ತೈತೋ ನಿಂತೈತೋ?” ಎಂದು ಕೇಳಿದೆ. ನೀವು ಏನೋ ಹೇಳಿದಿರಿ, ಮಳೆಯಲ್ಲಿ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಗುಲ್ನಾಜ ಸಣ್ಣ ಬ್ಯಾಟರಿಗೆ ವೈರು ಕೊಟ್ಟು ಕಾರನ್ನು ಎಬ್ಬಿಸಿದ್ದಳು. ಮುಂದಿನ ಸೀಟು ಖಾಲಿ ಇತ್ತು. ಅವಳ ಎದುರಿಗೇ ಅತ್ತುಬಿಟ್ಟೆ, ಪಾಪ, ಅವಳು ಬ್ಯಾಟರಿಗಾಗಿ ಅಳುತ್ತಿದ್ದೇನೆಂದು ತಿಳಿದು, ಹೊಸದು ಹಾಕಿದರೆ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿದಳು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಸುಟ್ಟದ್ದು ವಿಭೂತಿಯಿಂದ, ಅದನ್ನು ನಾನು ಮುಚ್ಚಿಡುವುದಿಲ್ಲ, ನಿಮಗೆ ಸುಳ್ಳು ಸಮಾಧಾನ ಹೇಳಿದರೆ ನೀವು ಕಂಡುಹಿಡಿಯುತ್ತೀರಿ. ಆದರೆ ಸುಟ್ಟದ್ದು ಹಚ್ಚಿದ ಜಾಗ ತಪ್ಪಿದ್ದರಿಂದ, ಹಚ್ಚಿದ ಕೈಯಿಂದಲ್ಲ. ಅದೇ ವಿಭೂತಿಯನ್ನು ತುಂಬು ಮುತ್ತೈದೆ ಹಚ್ಚಿದ್ದರೂ ಪ್ಲಗ್ಗು ಅಷ್ಟೇ ಕಾಯುತ್ತಿತ್ತು. ಕರೆಂಟಿಗೆ ಯಾರ ಗಂಡ ಇದ್ದಾನೆ, ಯಾರ ಗಂಡ ಹೋಗಿದ್ದಾನೆ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿಲ್ಲದ್ದನ್ನು ನೀವ್ಯಾಕೆ ಹೊತ್ತುಕೊಂಡು ಕೂತಿದ್ದೀರಿ? ನೀವು ಬೇಲಿಯ ಆಚೆಗೇ ಉಳಿದರೆ ನಿಮ್ಮನ್ನು ಆ ದಿನ ಎಳೆದು ಉಳಿಸಿಕೊಂಡದ್ದಕ್ಕೆ ಏನು ಅರ್ಥ?

ಮಹಾಂತಯ್ಯ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಫೋನಿನಲ್ಲಿ ಇನ್ನು ಮುಂದೆ ಅವರಿಂದ ಸುಳ್ಳು ಹೇಳಿಸಬೇಡಿ, ಅವರಿಗೆ ಸರಿಯಾಗಿ ಬರುವುದಿಲ್ಲ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಸೊಸೆ,
ಶಾಂಭವಿ

ತಾ.ಕ.: ನಿಮ್ಮ ಮಗ ಹೊರಗೆ ಬೈಕಿನ ಹಾರ್ನು ಒತ್ತುತ್ತಲೇ ಇದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತೇನೆ. ಅಂಗಳದ ಗೋಡೆಗೆ ಕಾರಿಗೆಂದೇ ಹೊಸ ಪಾಯಿಂಟು ಹಾಕಿಸಿ ವಾರವಾಯಿತು. ಬೇರೆ ಲೈನು, ಗಟ್ಟಿ ಅರ್ಥಿಂಗು, ಎಲೆಕ್ಟ್ರಿಷಿಯನ್ ಮೀಟರು ಹಿಡಿದು ಎಲ್ಲ ನೋಡಿ ಹೋಗಿದ್ದಾನೆ. ಆದರೆ ನಾವು ಇನ್ನೂ ಕಾರನ್ನು ಅದಕ್ಕೆ ಸಿಕ್ಕಿಸಿಲ್ಲ. ಹುಬ್ಬಳ್ಳಿಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಪಾಳಿ ಹಚ್ಚಿ ಚಾರ್ಜು ತುಂಬಿಸಿಕೊಂಡು ಬರುತ್ತಿದ್ದೇನೆ. ನಿಮ್ಮ ಮಗ ಒಮ್ಮೆ ಹೊಸ ಸ್ವಿಚ್ಚಿನ ಹತ್ತಿರ ಕೈ ಒಯ್ದಾಗ ಬೈದು ಕಳಿಸಿದೆ. ಸೋಮವಾರ ಬೆಳಿಗ್ಗೆ ನಿಮ್ಮನ್ನು ಕರೆಯಲು ಬರುತ್ತೇನೆ. ಆ ಸ್ವಿಚ್ಚನ್ನು ಮೊದಲು ಒತ್ತುವುದು ನೀವೇ. ಕೈ ಮಾತ್ರ ಒಣಗಿರಲಿ.